ಗಾಡಿ ಇಲ್ಲದೆ ಕುದುರೆಮುಖ: ಬಸ್ಸಿನಲ್ಲಿ ಹೋಗಿ ಕಾಡು, ಹುಲ್ಲುಗುಡ್ಡ, ಹಳೆ ಗಣಿ ನೋಡಿ ಬರುವ ದಾರಿ

"ಸ್ವಂತ ಗಾಡಿ ಇಲ್ದೆ ಕುದುರೆಮುಖಕ್ಕೆ ಹೋಗೋಕಾಗುತ್ತಾ?" ಆಫೀಸಿನಲ್ಲಿ ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಆಗುತ್ತದೆ. ನಾನು ಐದು ಸಲ ಹೋಗಿದ್ದೇನೆ, ಐದೂ ಸಲ ಬಸ್ಸಿನಲ್ಲೇ. ಅದರಲ್ಲಿ ಎರಡು ಸಲ ಪಟ್ಟ ಫಜೀತಿ ನಿಮಗೆ ಬೇಡವೆಂದೇ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿನವರು ನಸುಕಿನಲ್ಲಿ ಗುಡ್ಡದ ಬುಡದ ಸಂಸೆ ಎಂಬ ಊರಿಗೆ ಬಂದು, ಶಿಖರ ಹತ್ತಿ, ಫೋಟೊ ಹೊಡೆದು, ಕತ್ತಲಾಗುವ ಮುಂಚೆ ಘಟ್ಟ ಇಳಿದುಬಿಡುತ್ತಾರೆ. ಬಸ್ಸಿನವನಿಗೆ ಆ ಅವಸರದ ಭಾಗ್ಯ ಇಲ್ಲ. ಕುದುರೆಮುಖ ಟೌನ್‌ಶಿಪ್ಪಿನ ಸ್ಟಾಪಿನಲ್ಲಿ ಅವನು ಎರಡು ತಾಸು ಕೂರಲೇಬೇಕು. ಕೂತಾಗ ಕಣ್ಣಿಗೆ ಬೀಳುವುದು ಗಣಿ. ಅಥವಾ ಗಣಿ ಹೋದ ಮೇಲೆ ಉಳಿದ ಊರು. ಹಾಗಾಗಿ ಈ ಜಾಗ ಅರ್ಥವಾಗಬೇಕಾದರೆ ಬಸ್ಸೇ ಸರಿ ಅಂತ ನನ್ನ ಹಟ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿನ ಬೆಟ್ಟದಲ್ಲಿ ಕಬ್ಬಿಣದ ಅದಿರು ಇದೆ ಅಂತ 1913ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಹುಟ್ಟಿತು. ಹುಟ್ಟಿದ್ದೇ ಇರಾನಿಗೆ ಅದಿರು ಕಳಿಸಲಿಕ್ಕೆ. ದುಡ್ಡು ಹಾಕುತ್ತೇನೆ ಎಂದದ್ದೂ ಇರಾನಿನ ಶಾ ಸರ್ಕಾರವೇ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಶಾ ದೇಶ ಬಿಟ್ಟ, ಗಿರಾಕಿಯೂ ಹೋದ. ಆಮೇಲೆ ಬೇರೆ ದೇಶಗಳನ್ನು ಹುಡುಕಿಕೊಂಡು ಕಂಪೆನಿ ನಡೆಯಿತು. ಬೆಟ್ಟ ಕೊರೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಮುಟ್ಟಿಸುತ್ತಿದ್ದರು. 1987ರಲ್ಲಿ ಸುತ್ತಲಿನ 600 ಚ.ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿಗುತ್ತಿಗೆ 1999ಕ್ಕೆ ಮುಗಿಯಿತು. ಇನ್ನಷ್ಟು ಗುಡ್ಡ ಬೇಕೆಂದು ಕಂಪೆನಿ ಕೇಳಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ಬಂದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಇಷ್ಟು ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಕಿಟಕಿಯಾಚೆ ಕಾಣುವುದಕ್ಕೆ ಅರ್ಥ ಬರುತ್ತದೆ.

ಒಂದನೇ ಕೆಲಸ: ಯಾವ ಗುಡ್ಡ ಅಂತ ತೀರ್ಮಾನಿಸಿ

ಕುದುರೆಮುಖ ಶಿಖರ ಎಲ್ಲರಿಗೂ ಗೊತ್ತಿರುವುದು. ಸುಮಾರು 1,890 ಮೀಟರ್ ಎತ್ತರ. ಸಂಸೆ ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಹೆಸರು. ಚಾರಣ ಶುರುವಾಗುವ ಮುಳ್ಳೋಡಿ ಎಂಬ ಹಳ್ಳಿಯಿಂದ ಹತ್ತಿ ಇಳಿಯುವುದು ಸೇರಿ 20 ಕಿ.ಮೀ. ಆಸುಪಾಸು. ದಿನವಿಡೀ ನಡೆಯುವ ಅಭ್ಯಾಸ ಇಲ್ಲದವರಿಗೆ ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ನೆನಪಾಗುವಂಥ ದಾರಿ. ಆದರೆ ಕಷ್ಟದ ಹತ್ತುವಿಕೆಯೇನಲ್ಲ, ಉದ್ದ ಜಾಸ್ತಿ ಅಷ್ಟೇ.

ಕುರಿಂಜಾಲು ಮತ್ತು ಗಂಗಡಿಕಲ್ಲು ಇರುವುದು ಟೌನ್‌ಶಿಪ್ಪಿನಿಂದ ಕಾರ್ಕಳದ ಕಡೆ ಹೋಗುವ ರಸ್ತೆಯ ಬದಿಗೆ. ಕುರಿಂಜಾಲಿನದು ಬಹುಪಾಲು ಜೀಪು ಹೋಗುತ್ತಿದ್ದ ಹಳೆ ದಾರಿ. ತಲೆಯ ಮೇಲೆ ಮರದ ಚಪ್ಪರ, ಕಾಲಡಿ ಒದ್ದೆ ಎಲೆ, ನಡುನಡುವೆ ಹಳ್ಳ. ಕೊನೆಗಷ್ಟೇ ಹುಲ್ಲು ಬಯಲು ತೆರೆದುಕೊಳ್ಳುತ್ತದೆ. ಕಾಡಿನ ನಡಿಗೆಯೇ ಬೇಕು ಅನ್ನುವವರಿಗೆ ಇದೇ ಒಳ್ಳೆಯದು. ಗಂಗಡಿಕಲ್ಲು ಮೂರರಲ್ಲಿ ಚಿಕ್ಕದು, ಆದರೆ ಬಯಲು ಹೆಚ್ಚು, ಬಿಸಿಲಿದ್ದರೆ ನೆತ್ತಿ ಸುಡುತ್ತದೆ. ಗಣಿ ವಿಸ್ತರಿಸಲು ಕಂಪೆನಿ ಕಣ್ಣು ಹಾಕಿದ್ದ ಗುಡ್ಡಗಳಲ್ಲಿ ನೆಲ್ಲಿಬೀಡಿನ ಜೊತೆಗೆ ಗಂಗಡಿಕಲ್ಲೂ ಇತ್ತು. ತೀರ್ಪು ಬೇರೆ ಥರ ಬಂದಿದ್ದರೆ ನೀವು ಮೇಲೆ ಕೂತು ಚಪಾತಿ ಬಿಚ್ಚುವ ಜಾಗ ಇಷ್ಟು ಹೊತ್ತಿಗೆ ಗುಂಡಿಯಾಗಿರುತ್ತಿತ್ತು.

ಶೃಂಗೇರಿ ಕಡೆಯಿಂದ ಬರುವವರಿಗೆ ನರಸಿಂಹ ಪರ್ವತವೂ ಉಂಟು. ಶೃಂಗೇರಿಯಿಂದ ಕಿಗ್ಗಕ್ಕೆ ಬಸ್ಸು, ಅಲ್ಲಿ ಋಷ್ಯಶೃಂಗನ ಗುಡಿಗೆ ಕೈಮುಗಿದು ನಡೆಯಲು ಶುರು. ಮಳೆ ಬೇಕೆಂದರೂ ಬೇಡವೆಂದರೂ ಜನ ಹರಕೆ ಹೊರುವುದು ಆ ಗುಡಿಯಲ್ಲೇ. ಆ ಕಡೆ ಗಣಿಯ ಸುದ್ದಿ ಇಲ್ಲ, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಮೊದಲ ಸಲವಾದರೆ ನನ್ನ ಸಲಹೆ ಇಷ್ಟು: ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ಶಿಖರ, ಮಾರನೆಯ ದಿನ ಕುರಿಂಜಾಲು ಅಥವಾ ಬರೀ ಟೌನ್‌ಶಿಪ್ಪು. ಒಂದೇ ದಿನ ಇದ್ದರೆ ಶಿಖರ ಬಿಡಿ, ಕುರಿಂಜಾಲಿಗೆ ಹೋಗಿ. ಬೈಸಿಕೊಳ್ಳಲು ತಯಾರಿದ್ದೇನೆ.

ಎರಡನೇ ಕೆಲಸ: ಬಸ್ ಟಿಕೆಟಿಗಿಂತ ಮುಂಚೆ ಕಾಡಿನ ಟಿಕೆಟು

ಇದನ್ನು ಉಲ್ಟಾ ಮಾಡಿದವರು ಬಹಳ ಜನ. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ರಾಜ್ಯದ ಚಾರಣ ದಾರಿಗಳಿಗೆಲ್ಲ ಬಿಗಿ ಬಂತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಿನ, ದಾರಿ ಆರಿಸಿ, ಗುರುತಿನ ಚೀಟಿಯ ವಿವರ ಕೊಟ್ಟು ಮುಂಗಡ ಕಾದಿರಿಸಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಉಂಟು. ಮಳೆ ಬಿಟ್ಟ ಮೇಲಿನ ಶನಿವಾರ, ಭಾನುವಾರಗಳು ಬಹಳ ಬೇಗ ತುಂಬುತ್ತವೆ. ರಜೆ ಹಾಕಲು ಸಾಧ್ಯವಿದ್ದರೆ ಮಂಗಳವಾರವೋ ಬುಧವಾರವೋ ಹೋಗಿ. ಗುಡ್ಡವೂ ಖಾಲಿ, ಬಸ್ಸೂ ಖಾಲಿ.

ಟಿಕೆಟು ಕೈಗೆ ಬಂದ ಮೇಲೆ ಮೂರು ವಿಷಯ ನೋಡಿಕೊಳ್ಳಿ. ಎಲ್ಲಿ ಹಾಜರಾಗಬೇಕು, ಎಷ್ಟು ಗಂಟೆಯೊಳಗೆ ಹಾಜರಾಗಬೇಕು, ಎಷ್ಟಕ್ಕೆ ವಾಪಸ್ಸಿರಬೇಕು. ಶಿಖರಕ್ಕೆ ಹೋಗುವವರ ಹಾಜರಿ ಮುಳ್ಳೋಡಿ ಕಡೆ, ಕುರಿಂಜಾಲು ಮತ್ತು ಗಂಗಡಿಕಲ್ಲಿನವರದು ಟೌನ್‌ಶಿಪ್ಪಿನ ಕಡೆ. ಎರಡರ ನಡುವೆ ಬಸ್ಸಿನ ದೂರ ಇದೆ, ಅದಲುಬದಲಾದರೆ ದಿನವೇ ಹೋಯಿತು. ಟಿಕೆಟನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳಬೇಡಿ. ಅಲ್ಲಿ ಸಿಗ್ನಲ್ ನಂಬಿ ಕೂರುವಂತಿಲ್ಲ. ಎರಡು ರೂಪಾಯಿಗೆ ಒಂದು ಪ್ರಿಂಟ್ ತೆಗೆಸಿ ಆಧಾರ್ ಜೊತೆ ಮಡಚಿಡಿ.

ರಾತ್ರಿ ಗುಡ್ಡದ ಮೇಲೆ ಟೆಂಟು ಹಾಕುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಹತ್ತಿದ ದಿನವೇ ಇಳಿಯಬೇಕು.

ಯಾವ ತಿಂಗಳು? ಅಕ್ಟೋಬರಿನಿಂದ ಜನವರಿವರೆಗೆ ಕಣ್ಣು ಮುಚ್ಚಿ ಹೋಗಬಹುದು. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಬೆಂಕಿಪೊಟ್ಟಣದಂತಾಗುತ್ತದೆ, ಆಗ ಚಾರಣ ನಿಲ್ಲಿಸುವುದುಂಟು. ಮಳೆಗಾಲದಲ್ಲಿ ಹೋಗುವವರೂ ಇದ್ದಾರೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಊರಿದು. ರೆಡ್ ಅಲರ್ಟ್ ಬಂದರೆ ಕೈಯಲ್ಲಿ ಟಿಕೆಟು ಇದ್ದರೂ ಗೇಟು ಹಾಕುತ್ತಾರೆ. ಹೊರಡುವ ಹಿಂದಿನ ದಿನ ಸುದ್ದಿ ನೋಡಿಯೇ ಚೀಲ ಕಟ್ಟಿ.

ಮೂರನೇ ಕೆಲಸ: ಬಸ್ಸು

ಬೆಂಗಳೂರಿನವರು ಆನ್‌ಲೈನಿನಲ್ಲಿ 'ಕುದುರೆಮುಖ' ಅಂತ ಹುಡುಕಿ, ಏನೂ ಸಿಗದೆ ಕೈಚೆಲ್ಲುತ್ತಾರೆ. ಹುಡುಕಬೇಕಾದ ಹೆಸರು ಕಳಸ, ಇಲ್ಲವೇ ಹೊರನಾಡು. ಅನ್ನಪೂರ್ಣೇಶ್ವರಿಯ ಕೃಪೆಯಿಂದ ಹೊರನಾಡಿಗೆ ಕೆಎಸ್‌ಆರ್‌ಟಿಸಿ ರಾತ್ರಿ ಬಸ್ಸುಗಳು ಇವೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸದ ಮೇಲೆ ಹೋಗುವವು. ರಾತ್ರಿ ಹತ್ತಿ ಮಲಗಿದರೆ ಬೆಳಗಿನ ಜಾವ ಕಳಸ. ಕೊಟ್ಟಿಗೆಹಾರ ಆದಮೇಲೆ ತಿರುವು ಬಹಳ. ಹೊಟ್ಟೆ ತೊಳಸುವವರು ರಾತ್ರಿ ಊಟ ಕಮ್ಮಿ ಮಾಡಿ, ಹಿಂದಿನ ಸೀಟು ಬಿಟ್ಟು ನಡುವಿನದು ಹಿಡಿಯಿರಿ.

ಕಳಸದಲ್ಲಿ ಇಳಿದು ಮುಖ ತೊಳೆದು ಕಾಫಿ ಕುಡಿದು, ಕುದುರೆಮುಖದ ಕಡೆ ಹೋಗುವ ಮೊದಲ ಬಸ್ಸು ಕೇಳಿ. ಸಂಸೆ ಆ ದಾರಿಯಲ್ಲೇ ಸಿಗುತ್ತದೆ. ಕಂಡಕ್ಟರಿಗೆ "ಮುಳ್ಳೋಡಿಗೆ ಹೋಗ್ಬೇಕಿತ್ತು, ಜೀಪ್ ಸಿಗೋ ಜಾಗದಲ್ಲಿ ಇಳ್ಸಿ ಮಾರಾಯ್ರೆ" ಅಂದರೆ ಸಾಕು, ಮಿಕ್ಕಿದ್ದು ಅವರ ಜವಾಬ್ದಾರಿ. ಅಲ್ಲಿಂದ ಮುಳ್ಳೋಡಿಗೆ ಸುಮಾರು 6 ಕಿ.ಮೀ. ಕಲ್ಲು ದಾರಿ. ಜೀಪಿಗೆ ಬಾಡಿಗೆ ತಲೆಲೆಕ್ಕದ್ದಲ್ಲ, ಗಾಡಿಲೆಕ್ಕದ್ದು. ಇಬ್ಬರೇ ಇದ್ದರೆ ಅರ್ಧ ಗಂಟೆ ಕಾದು ಇನ್ನೊಂದು ಗುಂಪಿನ ಜೊತೆ ಸೇರಿಕೊಳ್ಳಿ. ಹೋಂಸ್ಟೇಯಲ್ಲಿ ಉಳಿಯುವವರು ಜೀಪನ್ನು ಅವರಿಗೇ ಹೇಳಿಬಿಡುವುದು ಸುಲಭ.

ಕರಾವಳಿ ಕಡೆಯಿಂದ ಬರುವವರಿಗೆ ದಾರಿ ಇನ್ನೂ ಚೆಂದ. ಮಂಗಳೂರಿನಿಂದ ಕಾರ್ಕಳ, ಅಲ್ಲಿಂದ ಬಜಗೋಳಿ, ಮಾಳ ಗೇಟು ದಾಟಿ ಘಟ್ಟ. ಕಾರ್ಕಳದಿಂದ ಟೌನ್‌ಶಿಪ್ಪಿಗೆ ಸುಮಾರು 50 ಕಿ.ಮೀ. ಮಧ್ಯೆ 'ಎಸ್.ಕೆ. ಬಾರ್ಡರ್' ಅಂತ ಒಂದು ಕವಲು ಬರುತ್ತದೆ, ಒಂದು ದಾರಿ ಶೃಂಗೇರಿಗೆ, ಒಂದು ಕುದುರೆಮುಖಕ್ಕೆ. ಸೌತ್ ಕೆನರಾ ಎಂಬ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದ ಗಡಿ ಅದು. ಜಿಲ್ಲೆಯ ಹೆಸರು ಬದಲಾಗಿ, ಜಿಲ್ಲೆಯೇ ಎರಡು ಹೋಳಾಗಿದ್ದರೂ ಕಂಡಕ್ಟರ್ ಈಗಲೂ ಕೂಗುವುದು "ಎಸ್.ಕೆ. ಬಾರ್ಡ್ರ್" ಅಂತಲೇ. ಮಳೆ ಬಿಟ್ಟ ಮೇಲೆ ಈ ಘಟ್ಟದಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ನಡೆಯದೆಯೂ ಟಿಕೆಟಿನ ದುಡ್ಡು ವಸೂಲು.

ಈ ಕಡೆ ಓಡುವುದರಲ್ಲಿ ಖಾಸಗಿ ಬಸ್ಸೇ ಹೆಚ್ಚು. ಮಲೆನಾಡಿನವರಿಗೆ ಕೊಪ್ಪದ 'ಸಹಕಾರ ಸಾರಿಗೆ' ನೆನಪಿರಬೇಕು. ನಿಂತುಹೋದ ಖಾಸಗಿ ಕಂಪೆನಿಯೊಂದರ ಕಾರ್ಮಿಕರೇ 1991ರಲ್ಲಿ ಸಂಘ ಕಟ್ಟಿ ಬಸ್ಸು ಓಡಿಸಿದ್ದು, 2020ರಲ್ಲಿ ಅದೂ ನಿಂತಿತು. ಅದು ನಿಂತ ಮೇಲೆ ಒಳಊರಿನ ಹಲವು ಬಸ್ಸುಗಳ ಕಥೆ 'ಇದ್ದರೆ ಇದೆ' ಎಂಬಂತಾಗಿದೆ. ಹೆಂಗಸರು ಗಮನಿಸಬೇಕಾದ್ದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ಸ್ಲೀಪರಿಗೆ ಇಲ್ಲ, ಖಾಸಗಿಗೆ ಇಲ್ಲ. ಚಿಲ್ಲರೆ ಇಟ್ಟುಕೊಂಡಿರಿ. ಫೋನ್‌ಪೇ ಅಂತ ಮೊಬೈಲು ಎತ್ತಿದರೆ ಕಂಡಕ್ಟರ್ ಗುಡ್ಡದ ಕಡೆ ನೋಡಿ ನಗುತ್ತಾರೆ.

ಬಸ್ಸಿನ ವೇಳೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದ ವೇಳೆ ನಂಬಿಯೇ ನಾನು ಕೆಟ್ಟದ್ದು. ಮೂರೂವರೆ ಅಂತ ಯಾರೋ ಹೇಳಿದ್ದ ಬಸ್ಸು ಮೂರೂ ಹತ್ತಕ್ಕೇ ಹೋಗಿತ್ತು, ಆ ದಿನ ಮದುವೆ ದಿಬ್ಬಣ ಅಂತ ಮುಂದಿನದು ಬರಲೇ ಇಲ್ಲ. ಹಾಲಿನ ವ್ಯಾನಿನ ಹಿಂದೆ ಕ್ಯಾನುಗಳ ನಡುವೆ ಕೂತು ಕಳಸ ಮುಟ್ಟಿದೆ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಇಳಿದ ಕೂಡಲೇ, ಇಳಿಸಿದ ಕಂಡಕ್ಟರನ್ನೇ ಕೇಳುವುದು: "ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗೆ? ಅದರ ಹಿಂದಿಂದು?" ಅದೇ ಪ್ರಶ್ನೆ ಸ್ಟಾಪಿನ ಎದುರು ಅಂಗಡಿಯವರಿಗೂ ಹಾಕುವುದು. ಎರಡು ಉತ್ತರ ಹೊಂದದಿದ್ದರೆ ಅಂಗಡಿಯವರನ್ನು ನಂಬುವುದು. ಯೋಜನೆ ಹಾಕುವುದು ಕೊನೆಯ ಬಸ್ಸಿಗಲ್ಲ, ಅದರ ಹಿಂದಿನದಕ್ಕೆ.

ಚೀಲದಲ್ಲಿ ಏನಿರಲಿ

ನೀರು ಎರಡು ಲೀಟರ್, ಸ್ಟೀಲ್ ಅಥವಾ ಗಟ್ಟಿ ಬಾಟಲಿಯಲ್ಲಿ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಗೇಟಿನಲ್ಲಿ ತೆಗೆಸುತ್ತಾರೆ, ಆದ್ದರಿಂದ ಚಿಪ್ಸು ಬಿಸ್ಕತ್ತು ಮನೆಯಲ್ಲೇ ಡಬ್ಬಿಗೆ ಸುರಿದುಕೊಳ್ಳಿ. ಮಧ್ಯಾಹ್ನಕ್ಕೆ ಚಪಾತಿ ಪಲ್ಯವೋ ಪುಳಿಯೋಗರೆಯೋ. ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಕಟ್ಟಿಕೊಡುತ್ತಾರೆ. ಮಳೆಕೋಟು, ಟಾರ್ಚು, ಒಂದು ಜೊತೆ ಒಣ ಬಟ್ಟೆ. ಹಿಡಿತ ಇರುವ ಶೂ. ಸವೆದ ಅಟ್ಟೆಯ ಶೂ ಹಾಕಿಕೊಂಡು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟವರನ್ನು ನೋಡಿದ್ದೇನೆ, ಆ ಸದ್ದು ಕೇಳಿದ್ದೇನೆ.

ಇನ್ನು ಇಂಬಳ, ಅಂದರೆ ಜಿಗಣೆ. ಜೂನಿನಿಂದ ನವೆಂಬರಿನವರೆಗೆ ಇವುಗಳದ್ದೇ ರಾಜ್ಯ. ಕಾಡಿನ ನೆರಳಲ್ಲಿ ನಿಂತು ನೆಲ ನೋಡಿ: ತೇವದ ಎಲೆಯ ತುದಿಯಲ್ಲಿ ಕಪ್ಪು ದಾರದ ತುಂಡಿನಂಥದ್ದು ಎದ್ದು ನಿಂತು ಅತ್ತಿತ್ತ ತೂಗುತ್ತ ಮೂಸುತ್ತಿರುತ್ತದೆ. ನೀವು ನಿಂತ ಕಡೆಗೇ ಬಾಗುತ್ತದೆ. ಊರಿನವರು ನಸ್ಯದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಕೆಲಸ ಮಾಡುತ್ತದೆ, ಹೊಳೆ ದಾಟುವವರೆಗೆ. ಆಮೇಲೆ ಮತ್ತೆ ಹಚ್ಚಬೇಕು. ಪ್ಯಾಂಟನ್ನು ಉದ್ದ ಕಾಲ್ಚೀಲದ ಒಳಗೆ ತೂರಿಸಿ. ಹತ್ತಿದ್ದನ್ನು ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ. ಹತ್ತಿ ಒತ್ತಿ ಹಿಡಿಯಿರಿ. ಕುಳಿತು ವಿಶ್ರಾಂತಿ ಬೇಕೆಂದರೆ ಕಾಡಿನಲ್ಲಲ್ಲ, ಬಿಸಿಲು ಬಿದ್ದ ಬಂಡೆಯ ಮೇಲೆ.

ಶಿಖರದ ದಿನ

ಬೆಳಿಗ್ಗೆ ಏಳಕ್ಕೆ ಮುಳ್ಳೋಡಿ ಬಿಟ್ಟರೆ ದಿನ ನಿಮ್ಮ ಕೈಯಲ್ಲಿರುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಸಂಸೆಯಲ್ಲೋ ಮುಳ್ಳೋಡಿಯಲ್ಲೋ ಉಳಿದಿರಬೇಕು. ರಾತ್ರಿ ಬಸ್ಸಿನಿಂದ ಇಳಿದು ನೇರ ಗುಡ್ಡ ಹತ್ತುವ ಹುಚ್ಚು ನಾನೂ ಒಮ್ಮೆ ಮಾಡಿದ್ದೇನೆ, ಮೂರನೇ ಹಳ್ಳದ ಪಕ್ಕ ಕೂತವನಿಗೆ ನಿದ್ದೆಯೇ ಹತ್ತಿತ್ತು. ಜೊತೆಗೆ ಸ್ಥಳೀಯ ಗೈಡ್ ಇರುತ್ತಾರೆ. ಅವರ ಹಿಂದೆಯೇ ನಡೆಯಿರಿ, ಮುಂದೆ ಓಡಬೇಡಿ. ಮಂಜು ಇಳಿದರೆ ಹತ್ತು ಮಾರು ದೂರದ ಮನುಷ್ಯ ಕಾಣುವುದಿಲ್ಲ, ಹುಲ್ಲಿನಲ್ಲಿ ದನದ ಜಾಡು ಯಾವುದು, ದಾರಿ ಯಾವುದು ಅಂತ ಗೊತ್ತಾಗುವುದು ಅವರಿಗೇ.

ದಾರಿ ಶುರುವಾಗುವುದು ಗದ್ದೆ, ಮನೆಗಳ ಅಂಚಿನಲ್ಲಿ. ಆಮೇಲೆ ಹುಲ್ಲು ಗುಡ್ಡ, ಕಣಿವೆಗೆ ಇಳಿದಾಗ ಶೋಲಾ, ಅಂದರೆ ಗುಡ್ಡದ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಕಾಡು, ಕಾಡಿನ ತಳದಲ್ಲಿ ಹಳ್ಳ, ದಾಟಿ ಮೇಲೆ ಬಂದರೆ ಮತ್ತೆ ಹುಲ್ಲು. ಇದೇ ವರಸೆ ಹಲವು ಸಲ. ಬಯಲಲ್ಲಿ ಗಾಳಿ ಕಿವಿಗೆ ಹೊಡೆಯುತ್ತಿರುತ್ತದೆ. ಕಾಡಿನ ಒಳಗೆ ಹತ್ತು ಹೆಜ್ಜೆ ಇಟ್ಟರೆ ಯಾರೋ ಬಾಗಿಲು ಹಾಕಿದಂತೆ ಸದ್ದು ನಿಲ್ಲುತ್ತದೆ. ಈ ಕಾಡಿನ ತುಂಡುಗಳು ಸ್ಪಂಜಿನಂತೆ ಮಳೆ ನೀರು ಕುಡಿದು ಬೇಸಿಗೆಯವರೆಗೆ ಬಿಡುವುದರಿಂದಲೇ ಹಳ್ಳ ಹರಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಗಣಿ ವಿರೋಧಿಸಿದವರು ಹುಲಿಗಿಂತ ಹೆಚ್ಚಾಗಿ ಮಾತಾಡಿದ್ದು ನೀರಿನದ್ದೇ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಕಳಸದ ಹಳಬರು ಇನ್ನೂ ಹೇಳುತ್ತಾರೆ.

'ಒಂಟಿಮರ' ಸಿಕ್ಕಿದಾಗ ಒಂದು ಹಂತ ಮುಗಿಯಿತು ಅಂತ ಲೆಕ್ಕ. ಎಲ್ಲರೂ ಅಲ್ಲಿ ಕೂರುತ್ತಾರೆ, ಕೂರಿ. ಅಲ್ಲಿಂದ ಮೇಲೆ ಏರು ಜಾಸ್ತಿ. ಮೇಲಕ್ಕೆ ಹೋದಂತೆ ಹಳೆಯ ಇಗರ್ಜಿಯ ಪಾಳುಗೋಡೆ ಕಾಣುತ್ತದೆ. ಇಷ್ಟು ಎತ್ತರಕ್ಕೆ ಕಲ್ಲು ಹೊತ್ತು ಯಾರು ಕಟ್ಟಿದರಪ್ಪಾ ಅನ್ನಿಸುತ್ತದೆ. ತುದಿಯಲ್ಲಿ ಪಶ್ಚಿಮಕ್ಕೆ ನೆಲ ಕಡಿದಂತೆ ಬೀಳುತ್ತದೆ, ಕೆಳಗೆ ಬೆಳ್ತಂಗಡಿಯ ಕಡೆಯ ತೋಟಗಳು. ಅಂಚಿನ ಹುಲ್ಲು ಜಾರುತ್ತದೆ, ಸೆಲ್ಫಿಗೆ ಹಿಂದೆ ಹಿಂದೆ ಹೋಗಬೇಡಿ.

ವೇಳೆಯ ಲೆಕ್ಕ ಹೀಗೆ: ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗಿ. ತುದಿಗೆ ಇನ್ನರ್ಧ ಗಂಟೆ ಇದೆ ಅಂದರೂ ತಿರುಗಿ. ಇಳಿಯಲು ನಾಲ್ಕು ತಾಸು ಹಿಡಿದರೆ ನಾಲ್ಕಕ್ಕೆ ಮುಳ್ಳೋಡಿ, ಜೀಪಿನಲ್ಲಿ ಐದರ ಹೊತ್ತಿಗೆ ಸಂಸೆ ರಸ್ತೆ. ಹೆಚ್ಚಿನವರು ಎಡವುವುದು ಇಳಿಯುವಾಗ, ಮಂಡಿ ಸೋತು. ಒಂದು ಕೋಲು ಇರಲಿ. ಕಾಟಿ ಎದುರಾದರೆ, ಕಾಡುಕೋಣಕ್ಕೆ ಇಲ್ಲಿ ಹಾಗನ್ನುತ್ತಾರೆ, ನಿಂತು ದಾರಿ ಬಿಡಿ. ಫೋಟೊಗೆ ಹತ್ತಿರ ಹೋಗುವ ಪ್ರಾಣಿ ಅದಲ್ಲ. ಕಡವೆ, ಸಿಂಗಳೀಕ ಕಂಡರೆ ನಿಮ್ಮ ಪುಣ್ಯ.

ಟೌನ್‌ಶಿಪ್ಪಿನಲ್ಲಿ ಅರ್ಧ ದಿನ

ಎರಡನೇ ದಿನ ಕುರಿಂಜಾಲಿಗೆ ಹೋಗುವವರು ಟೌನ್‌ಶಿಪ್ಪಿನಲ್ಲಿ ಇಳಿದು ಹಾಜರಿ ಹಾಕಿ, ಅಲ್ಲಿಂದ ಅರಣ್ಯ ಇಲಾಖೆಯ ಭಗವತಿ ಶಿಬಿರದ ಕಡೆಗೆ ಜೀಪು ಹಿಡಿಯಿರಿ. ರಸ್ತೆಯಲ್ಲೇ ನಡೆದುಬಿಡೋಣ ಎಂಬ ಯೋಚನೆ ಬೇಡ, ಅದು ಉದ್ಯಾನದೊಳಗಿನ ರಸ್ತೆ. ಗಾಡಿಗಳಿಗೂ ಚೆಕ್‌ಪೋಸ್ಟಿನಲ್ಲಿ ವೇಳೆ ಬರೆದ ಚೀಟಿ ಕೊಟ್ಟು, ಇಂತಿಷ್ಟು ಹೊತ್ತಿನಲ್ಲಿ ಆಚೆ ಗೇಟು ದಾಟಬೇಕು ಅನ್ನುತ್ತಾರೆ. ಅದೇ ದಾರಿಯ ಹನುಮನಗುಂಡಿ ಜಲಪಾತ ಚೆನ್ನಾಗಿದೆ, ಆದರೆ ಬಸ್ಸಿನವರಿಗೆ ಹೇಳಿ ಮಾಡಿಸಿದ್ದಲ್ಲ. ಇಳಿದರೆ ಮುಂದಿನ ಬಸ್ಸಿನವರೆಗೆ ಕಾಡಿನ ನಡುವೆ ನಿಲ್ಲಬೇಕು. ಬಿಡಿ.

ಟೌನ್‌ಶಿಪ್ಪಿಗೆ ಊರಿನವರ ಹಳೆಯ ಹೆಸರು ಮಲ್ಲೇಶ್ವರ. ಕಂಪೆನಿ ಇದ್ದಾಗ ಸಾವಿರಾರು ಜನರಿದ್ದ ಊರು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್, ಆಟದ ಮೈದಾನ ಎಲ್ಲ ಅಳತೆಗೋಲು ಇಟ್ಟು ಗೆರೆ ಎಳೆದಂತೆ ಕಟ್ಟಿದ್ದು. ಈಗ ಸಾಲು ಸಾಲು ಕ್ವಾರ್ಟರ್ಸಿನ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು, ಬೀಗದ ಮೇಲೆ ಜೇಡರ ಬಲೆ. ನಾನು ನೋಡಿದ ಒಂದು ಮನೆಯ ಗೋಡೆಯ ಬಿರುಕಿನಿಂದ ಜರಿಗಿಡ ಆಳೆತ್ತರ ಎದ್ದಿತ್ತು. ಕಿಟಕಿಯ ಸರಳಿಗೆ ಬಟ್ಟೆ ಒಣಹಾಕುವ ಹಗ್ಗದ ಗಂಟು ಹಾಗೇ ಉಳಿದಿತ್ತು. ಒಳಗೆ ನುಗ್ಗಬೇಡಿ. ಛಾವಣಿ ನಂಬುವಂಥದ್ದಲ್ಲ, ಜೊತೆಗೆ ಅದು ಪರರ ಆಸ್ತಿ. ರಸ್ತೆಯಲ್ಲೇ ಅಡ್ಡಾಡಿದರೆ ಸಾಕು. ಒಂದೆರಡು ಹೋಟೆಲು, ಒಂದಷ್ಟು ಮನೆ ಇನ್ನೂ ಜೀವಂತ. ಚಹಾ ಕುಡಿಯುತ್ತ "ನೀವು ಕಂಪೆನಿ ಕಾಲದವರಾ?" ಅಂತ ಕೇಳಿ ನೋಡಿ. ಗಣಿ ನಿಂತದ್ದು ಒಳ್ಳೆಯದಾಯಿತೆಂದು ಗುಡ್ಡ ಹತ್ತಿ ಬಂದ ನನಗೆ, ಕೆಲಸ ಹೋದವರ ಮನೆಯ ಲೆಕ್ಕ ಮೊದಲು ಕೇಳಿಸಿದ್ದು ಅಂಥದೊಂದು ಚಹಾದ ಅಂಗಡಿಯಲ್ಲೇ. ಎರಡೂ ನಿಜ.

ಗಣಿ ಜಾಗಕ್ಕೂ ಲಕ್ಯಾ ಅಣೆಕಟ್ಟಿಗೂ ನಿಮ್ಮಷ್ಟಕ್ಕೆ ಹೋಗುವಂತಿಲ್ಲ. ಲಕ್ಯಾ ಎಂದರೆ ಕುಡಿಯುವ ನೀರಿಗೋ ಕರೆಂಟಿಗೋ ಕಟ್ಟಿದ ಅಣೆಕಟ್ಟಲ್ಲ. ಅದಿರು ಬೇರ್ಪಡಿಸಿದ ಮೇಲೆ ಉಳಿದ ಕೆಸರನ್ನು ಹಿಡಿದಿಡಲು, ಭದ್ರೆಗೆ ಸೇರುವ ಹೊಳೆಗೆ ಅಡ್ಡ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಒಡ್ಡು. ಕೆಸರು ಇನ್ನೂ ಅಲ್ಲೇ ಕೂತಿದೆ, ಮೇಲೆ ನೀರು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡಕ್ಕೆ ದೂರದಿಂದ ಹಸಿರು ಹಬ್ಬಿದಂತೆ ಕಾಣುತ್ತದೆ. ಪಕ್ಕದ ಗುಡ್ಡದ ಹಸಿರಿಗೂ ಅದಕ್ಕೂ ಸ್ವಲ್ಪ ಹೊತ್ತು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಡಿದ ಗುಡ್ಡದ ಇಳಿಜಾರಿನಲ್ಲಿ ಗೆರೆ ಇದೆ, ಪಕ್ಕದ ಗುಡ್ಡದ್ದರಲ್ಲಿ ಇಲ್ಲ.

ಹೋದ ಸಲ ಅಕ್ಕನ ಮಗ ಜೊತೆಗಿದ್ದ. ಬಸ್ಸಿಗೆ ಕಾಯುವಾಗ ಬೇಸರವಾಗಿ ಮೊಬೈಲ್ ಕವರನ್ನು ರಸ್ತೆ ಬದಿಯ ಚರಂಡಿಯ ಕಪ್ಪು ಮರಳಿನ ಹತ್ತಿರ ಹಿಡಿದ. ಕವರಿನಲ್ಲಿ ಮುಚ್ಚಳ ಕೂರಿಸುವ ಸಣ್ಣ ಅಯಸ್ಕಾಂತ ಇತ್ತು. "ಮಾಮಾ, ಇದಕ್ಕೆ ಮೀಸೆ ಬಂತು!" ಅಂದ. ನೋಡಿದರೆ ಮರಳಿನ ಕಣಗಳು ಎದ್ದು ಅಯಸ್ಕಾಂತಕ್ಕೆ ಕೂದಲಿನಂತೆ ನಿಂತಿದ್ದವು. ಇಲ್ಲಿನ ಅದಿರು ಮ್ಯಾಗ್ನಟೈಟು, ಅಯಸ್ಕಾಂತಕ್ಕೆ ಹಿಡಿಯುತ್ತದೆ. ಇರಾನಿನ ದೊರೆಯನ್ನು ಇಲ್ಲಿಯವರೆಗೆ ಎಳೆದದ್ದು ಆ ಮೀಸೆಯೇ. ಮಕ್ಕಳಿದ್ದರೆ ಒಂದು ಅಯಸ್ಕಾಂತ ಒಯ್ಯಿರಿ, ಸ್ಟಾಪಿನಲ್ಲಿ ಎರಡು ತಾಸು ಕಳೆಯಲು ಅದಕ್ಕಿಂತ ಒಳ್ಳೆಯ ಆಟ ಇಲ್ಲ. ಆಟ ಮುಗಿದ ಮೇಲೆ ಮರಳನ್ನು ಅಲ್ಲೇ ಕೊಡವಿ, ಕಾಡಿನಿಂದ ಏನನ್ನೂ ಮನೆಗೆ ತರುವಂತಿಲ್ಲ. ಅಂದಹಾಗೆ, ಇಂಥ ನೆಲದಲ್ಲಿ ಮೊಬೈಲಿನ ದಿಕ್ಸೂಚಿ ತಪ್ಪು ತೋರಿಸಬಹುದು. ಉತ್ತರ ಯಾವುದು ಅಂತ ಗೈಡನ್ನೇ ಕೇಳಿ.

ವಾಪಸ್ಸು

ಬೆಂಗಳೂರಿನವರಿಗೆ ಎರಡು ದಾರಿ. ಕಳಸಕ್ಕೆ ಹೋಗಿ ರಾತ್ರಿ ಬಸ್ಸು ಹಿಡಿಯುವುದು ಒಂದು. ಸಮಯ ಮಿಕ್ಕರೆ ಕಳಸೇಶ್ವರನ ಮೆಟ್ಟಿಲು ಹತ್ತಬಹುದು. ಭದ್ರೆಯ ಪಕ್ಕದ ಅಂಬತೀರ್ಥವನ್ನೂ ನೋಡಬಹುದು. ಅಲ್ಲಿನ ದೊಡ್ಡ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅಂತ ನಂಬಿಕೆ. ಇಡೀ ದಿನ ನಡೆದು ಎರಡು ಲೀಟರ್ ನೀರು ಹೊರಲಾರದೆ ಬಂದವರಿಗೆ ಅದನ್ನು ನೋಡಿದರೆ ನಾಚಿಕೆಯಾಗುತ್ತದೆ. ಇನ್ನೊಂದು ದಾರಿ, ನನಗೆ ಇಷ್ಟದ್ದು, ಬಂದ ದಾರಿ ಬಿಟ್ಟು ಟೌನ್‌ಶಿಪ್ಪಿನಿಂದ ಕಾರ್ಕಳದ ಬಸ್ಸು ಹತ್ತಿ ಘಟ್ಟ ಇಳಿದು, ಮಂಗಳೂರಿನಿಂದ ರಾತ್ರಿ ಬಸ್ಸೋ ರೈಲೋ ಹಿಡಿಯುವುದು. ಆಗ ಹೋಗಿದ್ದು ಮಲೆನಾಡಿನ ಮೇಲೆ, ಬಂದದ್ದು ಕರಾವಳಿಯ ಮೇಲೆ. ಮುಂಗಡ ಟಿಕೆಟನ್ನು ರಾತ್ರಿ ಒಂಬತ್ತರ ನಂತರದ್ದೇ ಮಾಡಿ, ಘಟ್ಟದಲ್ಲಿ ಒಂದು ಮರ ಬಿದ್ದರೂ ಎರಡು ತಾಸು ಹೋಗುತ್ತದೆ.

ಬಸ್ಸು ಹತ್ತುವ ಮುಂಚೆ ಶೂ ಬಿಚ್ಚಿ, ಕಾಲ್ಚೀಲ ಮಗುಚಿ, ಬೆರಳ ಸಂದು ನೋಡಿಕೊಳ್ಳಿ. ಒಮ್ಮೆ ನಾನು ನೋಡಿಕೊಳ್ಳದೆ ಕೂತಿದ್ದೆ. ಮಾಳ ಗೇಟು ದಾಟುವಾಗ ಪಕ್ಕದ ಸೀಟಿನ ಅಜ್ಜಿ ನನ್ನ ಹಿಮ್ಮಡಿ ನೋಡಿ, ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಷ್ಟು ಸುಣ್ಣ ಮುಟ್ಟಿಸಿದರು. ಇಂಬಳ ಉರುಳಿ ಬಿತ್ತು. ಅಜ್ಜಿ ಅದನ್ನು ಟಿಕೆಟಿನ ಚೂರಿನಲ್ಲಿ ಎತ್ತಿ ಕಿಟಕಿಯಾಚೆ ಹಾಕಿ, ಅದೇ ಡಬ್ಬಿಯಿಂದ ಇನ್ನಷ್ಟು ಸುಣ್ಣ ತೆಗೆದು ಎಲೆಗೆ ಸವರತೊಡಗಿದರು.